ಓದುಗರ ಪ್ರಶ್ನೆ: ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್

ಪ್ರಶ್ನೆ: ಅಮೆರಿಕದ ಬಲಪಂಥದ ಮಾತು ಬಂದಾಗಲೆಲ್ಲ ರೇಗನ್ ಹೆಸರಿನ ಹಿಂದೆಯೇ ಗೋಲ್ಡ್‌ವಾಟರ್ ಹೆಸರು ಬರುತ್ತದೆ. ಯಾರಿವರು? (ಓದುಗರೊಬ್ಬರು, ಧಾರವಾಡ)

ಉತ್ತರ: 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ನಿಂತು ಸೋತ ರಿಪಬ್ಲಿಕನ್ ಸೆನೆಟರ್. ಹುಟ್ಟಿದ್ದು 1909ರಲ್ಲಿ, ಫೀನಿಕ್ಸ್‌ನಲ್ಲಿ. ಅರಿಜೋನಾ ಆಗಿನ್ನೂ ರಾಜ್ಯವಾಗಿರಲಿಲ್ಲ, ಆ ಸ್ಥಾನ ಸಿಕ್ಕಿದ್ದು 1912ರಲ್ಲಿ. ಅಜ್ಜ ಪೋಲೆಂಡಿನಿಂದ ಬಂದ ಯಹೂದಿ ವ್ಯಾಪಾರಿ. ಮನೆತನದ ಹೆಸರಿನಲ್ಲೇ ದೊಡ್ಡ ಮಳಿಗೆಯಿತ್ತು. 1929ರಲ್ಲಿ ತಂದೆ ತೀರಿಕೊಂಡ ಮೇಲೆ ಬ್ಯಾರಿ ಓದು ಬಿಟ್ಟು ಅಂಗಡಿಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ಸಾಗಣೆ ವಿಮಾನಗಳ ಪೈಲಟ್ ಆಗಿ ಅಮೆರಿಕದಿಂದ ಭಾರತಕ್ಕೆ ಹಾರಾಟ ನಡೆಸಿದರು. ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ಯುವ ‘ಹಂಪ್’ ಮಾರ್ಗದಲ್ಲೂ ಹಾರಿದ್ದುಂಟು. 1949ರಲ್ಲಿ ಫೀನಿಕ್ಸ್ ನಗರಸಭೆಗೆ ಆಯ್ಕೆಯಾದರು. 1952ರಲ್ಲಿ ಸೆನೆಟ್‌ನ ಬಹುಮತ ಪಕ್ಷದ ನಾಯಕರಾಗಿದ್ದ ಅರ್ನೆಸ್ಟ್ ಮ್ಯಾಕ್‌ಫಾರ್ಲೆಂಡ್ ಅವರನ್ನೇ ಸೋಲಿಸಿದರು. ಸೆನೆಟ್‌ನಲ್ಲಿ ಇದ್ದದ್ದು 1953ರಿಂದ 1965, ಮತ್ತೆ 1969ರಿಂದ 1987.

ಪ್ರಶ್ನೆ: 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಅವರು ವಿರೋಧವಾಗಿ ಮತ ಹಾಕಿದರಲ್ಲ, ಅವರನ್ನು ವರ್ಣಭೇದವಾದಿ ಎನ್ನಬಹುದೆ? (ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: 1957 ಮತ್ತು 1960ರ ನಾಗರಿಕ ಹಕ್ಕುಗಳ ಕಾಯ್ದೆಗಳಿಗೆ ಅವರು ಪರವಾಗಿ ಮತ ಹಾಕಿದ್ದರು. ಅರಿಜೋನಾದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ (ರಾಜ್ಯದ ಮೀಸಲು ವಾಯುದಳ) ಕರಿಯರು, ಬಿಳಿಯರು ಎಂಬ ವಿಂಗಡಣೆ ತೆಗೆಸಲು ಓಡಾಡಿದ್ದರು. 1964ರ ಮಸೂದೆಯಲ್ಲಿ ಅವರ ತಕರಾರು ಇದ್ದದ್ದು ಎರಡು ಅಧ್ಯಾಯಗಳ ಬಗ್ಗೆ. ಎರಡನೆಯದು ಹೋಟೆಲ್, ಚಿತ್ರಮಂದಿರಗಳಂಥ ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿದ್ದು, ಏಳನೆಯದು ಖಾಸಗಿ ಉದ್ಯೋಗಕ್ಕೆ. ಖಾಸಗಿ ಮಾಲೀಕನ ವ್ಯವಹಾರದಲ್ಲಿ ಕೇಂದ್ರ ಸರ್ಕಾರ ಕೈಹಾಕುವ ಅಧಿಕಾರ ಸಂವಿಧಾನದಲ್ಲಿಲ್ಲ ಎಂಬುದು ಅವರ ವಾದ. ಜೂನ್ 19ರಂದು ಮಸೂದೆ 73–27ರಲ್ಲಿ ಪಾಸಾಯಿತು. ವಿರೋಧಿಸಿದ ರಿಪಬ್ಲಿಕನ್ನರು ಆರೇ ಮಂದಿ.

ಮನಸ್ಸಿನಲ್ಲಿ ದ್ವೇಷವಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ಆ ಮತ ತಪ್ಪು ಎಂದೇ ನಮ್ಮ ಅಭಿಪ್ರಾಯ. ಊಟದ ಮೇಜಿನಿಂದ ಎಬ್ಬಿಸಿ ಕಳಿಸಲ್ಪಟ್ಟವನಿಗೆ ರಾಜ್ಯದ ಹಕ್ಕು, ಕೇಂದ್ರದ ಹಕ್ಕು ಎಂಬ ವಾದ ಯಾವ ಪರಿಹಾರವನ್ನೂ ಕೊಡುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆ ವಾದವನ್ನು ಯಾರು ಕೈಗೆತ್ತಿಕೊಂಡರು ಎಂಬುದನ್ನು ಆ ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವೇ ತೋರಿಸಿತು: ಮಿಸಿಸಿಪ್ಪಿಯಲ್ಲಿ ಅವರಿಗೆ ಬಿದ್ದದ್ದು ಶೇ 87 ಮತ. ಅಲ್ಲಿನ ಬಹುಪಾಲು ಕರಿಯರಿಗೆ ಮತಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಪ್ರಶ್ನೆ: ಅಷ್ಟು ಹೀನಾಯವಾಗಿ ಸೋತವರಿಗೆ ಪಕ್ಷದ ಟಿಕೆಟ್ ಸಿಕ್ಕಿದ್ದು ಹೇಗೆ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಟಿಕೆಟ್ ಕೊಡುವುದು ಪಕ್ಷದ ಮಹಾಧಿವೇಶನದ ಪ್ರತಿನಿಧಿಗಳು. 1964ರಲ್ಲಿ ಅವರ ಸಂಖ್ಯೆ 1,308, ಗೆಲ್ಲಲು ಬೇಕಿದ್ದದ್ದು 655. ಎಲ್ಲ ರಾಜ್ಯಗಳಲ್ಲೂ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ಚುನಾವಣೆ, ನಡೆಯುತ್ತಿದ್ದ ಕಾಲವಲ್ಲ ಅದು. ಹೆಚ್ಚಿನ ಕಡೆ ಬೂತ್ ಮಟ್ಟದ ಸಭೆ, ಅದರ ಮೇಲೆ ಕೌಂಟಿ ಸಭೆ, ಕೊನೆಗೆ ರಾಜ್ಯ ಸಮಾವೇಶ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪ್ರತಿನಿಧಿಗಳ ಆಯ್ಕೆ. ಕೆಳಗಿನ ಸಭೆಗಳಿಗೆ ಬರುವವರು ಬೆರಳೆಣಿಕೆಯಷ್ಟು ಜನ. ಕ್ಲಿಫ್ಟನ್ ವೈಟ್ ಎಂಬ ಸಂಘಟಕ ಹಿಡಿದದ್ದು ಇದೇ ಎಳೆಯನ್ನು. ಇನ್ನೂ ಗೋಲ್ಡ್‌ವಾಟರ್ ಒಪ್ಪಿಗೆಯೇ ಸಿಕ್ಕಿರದ 1961ರಿಂದಲೇ ಅವರ ತಂಡ ಆ ಸಭೆಗಳಿಗೆ ತಮ್ಮವರನ್ನು ತುಂಬಿಸುವ ಕೆಲಸ ಶುರು ಮಾಡಿತ್ತು. ಟಿಕೆಟ್‌ಗೆ ಪೈಪೋಟಿಯಲ್ಲಿದ್ದ ನ್ಯೂಯಾರ್ಕ್‌ನ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಬಳಿ ಹಣವಿತ್ತು, ಪತ್ರಿಕೆಗಳ ಒಲವಿತ್ತು; ಕೆಳಗೆ ದುಡಿಯುವ ಇಂಥ ಪಡೆ ಇರಲಿಲ್ಲ. ಜೂನ್ 2ರ ಕ್ಯಾಲಿಫೋರ್ನಿಯಾ ಪ್ರೈಮರಿಯಲ್ಲಿ ಗೋಲ್ಡ್‌ವಾಟರ್ ಶೇ 52ರ ಆಸುಪಾಸಿನ ಮತದೊಂದಿಗೆ ಕೂದಲೆಳೆಯಲ್ಲಿ ಗೆದ್ದರು. ಅದಕ್ಕೆ ಮೂರು ದಿನ ಮೊದಲು ರಾಕ್‌ಫೆಲ್ಲರ್‌ಗೆ ಎರಡನೇ ಪತ್ನಿಯಿಂದ ಮಗು ಹುಟ್ಟಿ, ವಿಚ್ಛೇದನದ ಚರ್ಚೆ ಮತ್ತೆ ಭುಗಿಲೆದ್ದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಅಧಿವೇಶನದಲ್ಲಿ ಮೊದಲ ಸುತ್ತಿನಲ್ಲೇ 883 ಮತ ಬಿದ್ದವು.

ಪಕ್ಷದೊಳಗೆ ಗೆಲ್ಲಿಸಿದ ಅದೇ ನೇರ ಮಾತು ಹೊರಗೆ ಮುಳುಗಿಸಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವೃದ್ಧಾಪ್ಯ ಪಿಂಚಣಿ ಯೋಜನೆಗೆ ಸೇರುವುದು ಐಚ್ಛಿಕವಾಗಲಿ ಎಂದರು. ಪಿಂಚಣಿ ನಿಂತೇಹೋಗುತ್ತದೆಂದು ಮುದುಕರು ಹೆದರಿದರು. ಅಗ್ಗದ ವಿದ್ಯುತ್ ಕೊಡುವ ಟೆನೆಸ್ಸಿ ಕಣಿವೆಯ ಸರ್ಕಾರಿ ನಿಗಮವನ್ನು ಮಾರಬೇಕು ಎಂದು ಮೊದಲೇ ಹೇಳಿದ್ದನ್ನು ಟೆನೆಸ್ಸಿಗೇ ಹೋಗಿ ಸಮರ್ಥಿಸಿಕೊಂಡರು. ಅಣ್ವಸ್ತ್ರ ಬಳಕೆಯಲ್ಲಿ ಸೇನಾ ಕಮಾಂಡರ್‌ಗಳಿಗೆ ವಿವೇಚನೆ ಇರಲಿ ಎಂದದ್ದು ಎಲ್ಲಕ್ಕಿಂತ ದುಬಾರಿಯಾಯಿತು. ಟಿಕೆಟ್ ಸ್ವೀಕರಿಸಿದ ಭಾಷಣದಲ್ಲೂ, ಸ್ವಾತಂತ್ರ್ಯದ ರಕ್ಷಣೆಗಾಗಿ ಉಗ್ರವಾದಿಯಾಗುವುದು ದೋಷವಲ್ಲ ಎಂಬರ್ಥದ ಮಾತಾಡಿ, ಸೋತ ಬಣವನ್ನು ಇನ್ನಷ್ಟು ದೂರ ತಳ್ಳಿದರು. ಸೆಪ್ಟೆಂಬರ್ 7ರಂದು ಎದುರಾಳಿಯಾಗಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಪಾಳಯದ ಟಿವಿ ಜಾಹೀರಾತಿನಲ್ಲಿ ಪುಟ್ಟ ಹುಡುಗಿ ಹೂವಿನ ದಳ ಎಣಿಸುತ್ತಾಳೆ, ಎಣಿಕೆ ತಿರುವುಮುರುವಾಗಿ ಅಣುಬಾಂಬ್ ಸಿಡಿಯುತ್ತದೆ. ಹಣ ಕೊಟ್ಟು ಅದನ್ನು ಬಿತ್ತರಿಸಿದ್ದು ಒಂದೇ ಸಲ, ಗೋಲ್ಡ್‌ವಾಟರ್ ಹೆಸರೂ ಅದರಲ್ಲಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಫಲಿತಾಂಶ: ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ತೀರ್ಮಾನಿಸುವ, ರಾಜ್ಯವಾರು ಲೆಕ್ಕದ ಮತ) ಜಾನ್ಸನ್‌ಗೆ 486, ಗೋಲ್ಡ್‌ವಾಟರ್‌ಗೆ 52. ಇವರು ಗೆದ್ದದ್ದು ತವರು ಅರಿಜೋನಾ, ಜೊತೆಗೆ ದಕ್ಷಿಣದ ಐದು ರಾಜ್ಯ. ಅವುಗಳಲ್ಲಿ ಜಾರ್ಜಿಯಾ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ನರ ಕೈಹಿಡಿದದ್ದು ಅದೇ ಮೊದಲು.

ಪ್ರಶ್ನೆ: ಮನೋವೈದ್ಯರ ‘ಗೋಲ್ಡ್‌ವಾಟರ್ ನಿಯಮ’ಕ್ಕೂ ಇವರಿಗೂ ನಂಟಿದೆಯೆ? (ವೈದ್ಯಕೀಯ ವಿದ್ಯಾರ್ಥಿ, ಮೈಸೂರು)

ಉತ್ತರ: ಇದೆ. ‘ಫ್ಯಾಕ್ಟ್’ ಎಂಬ ನಿಯತಕಾಲಿಕ 1964ರಲ್ಲಿ 12,356 ಮನೋವೈದ್ಯರಿಗೆ ಪ್ರಶ್ನೆ ಕಳಿಸಿತು. ಉತ್ತರಿಸಿದವರು 2,417, ಅಧ್ಯಕ್ಷ ಹುದ್ದೆಗೆ ಇವರ ಮನಸ್ಥಿತಿ ಸರಿಯಿಲ್ಲ ಎಂದವರು 1,189. ಒಬ್ಬ ರೋಗಿಯನ್ನಾಗಿ ಅವರನ್ನು ಪರೀಕ್ಷಿಸದೆಯೇ ರೋಗದ ಹೆಸರು ಹಚ್ಚಿದವರೂ ಅವರಲ್ಲಿದ್ದರು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು: ನಷ್ಟ ಪರಿಹಾರ 1 ಡಾಲರ್, ದಂಡರೂಪದ ಪರಿಹಾರ 75,000 ಡಾಲರ್. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ನಿಯಮ ತಂದಿತು. ಖುದ್ದಾಗಿ ಪರೀಕ್ಷಿಸದೆ, ಒಪ್ಪಿಗೆ ಪಡೆಯದೆ ಸಾರ್ವಜನಿಕ ವ್ಯಕ್ತಿಯ ಮನಸ್ಥಿತಿಯ ಬಗ್ಗೆ ವೃತ್ತಿಪರ ಅಭಿಪ್ರಾಯ ಕೊಡುವಂತಿಲ್ಲ.

ಪ್ರಶ್ನೆ: ನಮ್ಮ ಸಿಡಿಎಸ್ (ರಕ್ಷಣಾ ಪಡೆಗಳ ಮುಖ್ಯಸ್ಥ) ಹುದ್ದೆಯ ಚರ್ಚೆಯಲ್ಲಿ ‘ಗೋಲ್ಡ್‌ವಾಟರ್–ನಿಕೋಲ್ಸ್’ ಕಾಯ್ದೆಯ ಹೆಸರು ಕೇಳಿದ್ದೇನೆ. (ನಿವೃತ್ತ ಸೈನಿಕರು, ಕೊಡಗು)

ಉತ್ತರ: ನಮ್ಮ ದೃಷ್ಟಿಯಲ್ಲಿ ಅವರ ಅತಿದೊಡ್ಡ ಕೆಲಸ ಇದೇ. 1980ರಲ್ಲಿ ಇರಾನ್ ಒತ್ತೆಯಾಳುಗಳನ್ನು ಬಿಡಿಸುವ ಕಾರ್ಯಾಚರಣೆ ಮರುಭೂಮಿಯಲ್ಲೇ ಮುಗ್ಗರಿಸಿ 8 ಸೈನಿಕರು ಸತ್ತರು. 1983ರ ಗ್ರೆನಡಾ ದಾಳಿಯಲ್ಲಿ ಭೂಸೇನೆ, ನೌಕಾಪಡೆಗಳ ರೇಡಿಯೋಗಳು ಒಂದಕ್ಕೊಂದು ಹೊಂದಲಿಲ್ಲ. ಪ್ರತಿ ಪಡೆಯೂ ತನ್ನ ಪಾಡಿಗೆ ತಾನು ನಡೆಯುತ್ತಿದ್ದದ್ದೇ ಮೂಲ ದೋಷ. ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷರಾಗಿದ್ದ ಗೋಲ್ಡ್‌ವಾಟರ್, ನೌಕಾಪಡೆಯ ಬಲವಾದ ವಿರೋಧಕ್ಕೆ ಸೊಪ್ಪುಹಾಕದೆ, ಸೆನೆಟ್‌ನಲ್ಲಿ ಮಸೂದೆಯನ್ನು 95–0ರಲ್ಲಿ ಪಾಸು ಮಾಡಿಸಿದರು. ಆಜ್ಞೆ ಈಗ ಅಧ್ಯಕ್ಷರಿಂದ ರಕ್ಷಣಾ ಕಾರ್ಯದರ್ಶಿಗೆ, ಅಲ್ಲಿಂದ ನೇರ ಯುದ್ಧಕ್ಷೇತ್ರದ ಕಮಾಂಡರ್‌ಗೆ. ಜಂಟಿ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಪ್ರಧಾನ ಸಲಹೆಗಾರ ಮಾತ್ರ, ಪಡೆಗಳಿಗೆ ಆಜ್ಞೆ ಕೊಡುವಂತಿಲ್ಲ. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ವಹಿಸಿಕೊಂಡ ನಮ್ಮ ಸಿಡಿಎಸ್ ಹುದ್ದೆಗೂ ಮೂರು ಪಡೆಗಳ ಮುಖ್ಯಸ್ಥರ ಮೇಲೆ ಆಜ್ಞಾಧಿಕಾರವಿಲ್ಲ.

ಪ್ರಶ್ನೆ: ಕೊನೆಗಾಲದಲ್ಲಿ ಅವರು ಉದಾರವಾದಿಯಾದರಂತೆ, ನಿಜವೆ? (ಓದುಗರೊಬ್ಬರು, ಉಡುಪಿ)

ಉತ್ತರ: ಅವರು ನಿಂತಲ್ಲೇ ನಿಂತಿದ್ದರು, ಪಕ್ಷ ಸರಿದಿತ್ತು ಎನ್ನುವುದು ಹೆಚ್ಚು ಸರಿ. ಸರ್ಕಾರ ಅಂಗಡಿಯೊಳಗೆ ಬರಬಾರದು ಎಂದವರೇ ಮಲಗುವ ಕೋಣೆಗೂ ಬರಬಾರದು ಎಂದರು. ಗರ್ಭಪಾತದ ಹಕ್ಕನ್ನು ಬೆಂಬಲಿಸಿದರು. 1993ರಲ್ಲಿ ಸಲಿಂಗಿಗಳಿಗೆ ಸೇನೆಯಲ್ಲಿ ಅವಕಾಶವಿರಲಿ ಎಂದು ಪತ್ರಿಕೆಗೆ ಬರೆದರು. ಪಾದ್ರಿಗಳು ಧರ್ಮದ ಹೆಸರಲ್ಲಿ ಸೆನೆಟರ್‌ಗಳಿಗೆ ಮತದ ಬೆದರಿಕೆ ಹಾಕುವುದನ್ನು 1981ರಲ್ಲೇ ಸದನದಲ್ಲಿ ಖಂಡಿಸಿದ್ದರು. 1998ರ ಮೇ 29ರಂದು, 89ನೇ ವಯಸ್ಸಿನಲ್ಲಿ, ಅರಿಜೋನಾದ ಪ್ಯಾರಡೈಸ್ ವ್ಯಾಲಿಯಲ್ಲಿ ತೀರಿಕೊಂಡರು.