ಬರೆಯಿರಿ, ಆದರೆ ಟಿಕೆಟ್ ನಂಬರ್ ಜೊತೆಗೆ

ನಿಮ್ಮ ಬಿಲ್ಲಿಂಗ್ ಆ್ಯಪ್‌ನಲ್ಲಿ ಸ್ಕ್ರೀನ್ ಮೇಲೆ ಸರಿಯಾಗಿರುವ ಕನ್ನಡ, ಪಿಡಿಎಫ್ ಮಾಡಿದರೆ ಒಡೆದುಹೋಗುತ್ತದೆ. ಸಪೋರ್ಟ್‌ನವರು ಎರಡು ಸಲವೂ 'ಆ್ಯಪ್ ತೆಗೆದು ಮತ್ತೆ ಹಾಕಿ' ಎಂದರು. ಲಿಂಕ್ಡ್‌ಇನ್‌ನಲ್ಲಿ ಅದೇ ಕಂಪನಿಯ ಇಂಜಿನಿಯರ್ ಸಿಕ್ಕಿದ್ದಾರೆ, ಅವರಿಗೇ ಬರೆಯಲಾ ಎಂದು ಕೇಳಿದ್ದೀರಿ. ಬರೆಯಿರಿ. ಆದರೆ ಟಿಕೆಟ್, ಅಂದರೆ ಸಪೋರ್ಟ್‌ನಲ್ಲಿ ನಂಬರ್ ಸಮೇತ ದಾಖಲಾದ ದೂರು, ಇಲ್ಲದೆ ಬೇಡ.

ನಾನೂ ಸಾಫ್ಟ್‌ವೇರ್ ಕೆಲಸದವನೇ. ಒಮ್ಮೆ ಅಂಗಡಿಯವರೊಬ್ಬರು ನನ್ನ ನಂಬರ್ ಹುಡುಕಿ ವಾಟ್ಸಾಪ್‌ನಲ್ಲಿ ಒಂದು ಬಗ್, ಅಂದರೆ ಸಾಫ್ಟ್‌ವೇರ್ ದೋಷ, ತಿಳಿಸಿದರು. ತಿಂಗಳ ಕೊನೆಯ ದಿನ ಬಿಲ್ ಹಾಕಿದರೆ ತಾರೀಖು ತಪ್ಪು ಬರುತ್ತಿತ್ತು. 'ನೋಡ್ತೀನಿ ಸರ್' ಎಂದೆ. ಆ ವಾರ ರಿಲೀಸ್ ಇತ್ತು, ಮೆಸೇಜ್ ಕೆಳಗೆ ಹೋಯಿತು. ಇಂಜಿನಿಯರ್‌ಗೇ ಹೇಳಿದ್ದೀನಲ್ಲ ಎಂದು ಅವರು ಸಪೋರ್ಟ್‌ಗೆ ಬರೆಯಲೇ ಇಲ್ಲ. ಮುಂದಿನ ತಿಂಗಳ ಕೊನೆಗೆ ಅವರ ಬಿಲ್‌ಗಳೆಲ್ಲ ಮತ್ತೆ ತಪ್ಪಾದವು. ಟಿಕೆಟ್ ಇದ್ದಿದ್ದರೆ ಸೋಮವಾರದ ಮೀಟಿಂಗ್‌ನಲ್ಲಿ 'ಇದೇನಾಯ್ತು?' ಎಂದು ಯಾರಾದರೂ ಕೇಳುತ್ತಿದ್ದರು. ನನ್ನ ಫೋನಿನಲ್ಲಿ ಇದ್ದದ್ದನ್ನು ಕೇಳುವವರು ಯಾರು? ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಈಗ ನಿಮ್ಮ ಬಗ್. 'ಕನ್ನಡ ಸರಿ ಬರ್ತಿಲ್ಲ' ಎಂದಷ್ಟೇ ಬರೆದರೆ, ಕನ್ನಡ ಓದಲು ಬಾರದ ಸಪೋರ್ಟ್ ಹುಡುಗನಿಗೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ಹೆಸರು ತೆಗೆದುಕೊಳ್ಳಿ. 'ಲಕ್ಷ್ಮಿ' ಎಂದು ಬರಬೇಕಾದದ್ದು 'ಲಕ್‌ಷ್‌ಮಿ' ಎಂದು ಬಂದಿದೆಯಾ? ಸ್ಕ್ರೀನ್‌ಶಾಟ್, ಪಿಡಿಎಫ್ ಎರಡನ್ನೂ ಹಾಕಿ. ಫೋನ್ ಮಾಡೆಲ್, ಆ್ಯಪ್ ವರ್ಷನ್, ಯಾವ ಬಟನ್ ಒತ್ತಿದಿರಿ ಎಂಬುದನ್ನೂ ಬರೆಯಿರಿ. ಲಕ್ಷ್ಮಿ ಎಂಬ ಹೆಸರು ಕಂಪ್ಯೂಟರ್ ಒಳಗೆ 7 ಬಿಡಿ ತುಂಡುಗಳಾಗಿ ಇರುತ್ತದೆ: ಲ, ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ, ವಿರಾಮ, ಮ, ಇಕಾರದ ಗುಣಿತ. ಅವನ್ನು ಜೋಡಿಸಿ ಒತ್ತಕ್ಷರ ಮಾಡುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಅದನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ (ಸಿದ್ಧ ಕೋಡ್) ಮಾಡುತ್ತದೆ. ಪಿಡಿಎಫ್ ತಯಾರಿಸುವ ಕೆಲವು ಲೈಬ್ರರಿಗಳು ಅದನ್ನು ತಾವಾಗಿ ಮಾಡುವುದಿಲ್ಲ. 'ಪಿಡಿಎಫ್‌ನಲ್ಲಿ ಶೇಪಿಂಗ್ ಆಗುತ್ತಿಲ್ಲ ಅನ್ನಿಸುತ್ತದೆ' ಎಂಬ ಒಂದು ಸಾಲು ಸೇರಿಸಿ. ಟಿಕೆಟ್ ಇಂಜಿನಿಯರ್ ಟೇಬಲ್‌ಗೆ ಬೇಗ ಹೋಗುವ ಸಾಧ್ಯತೆ ಜಾಸ್ತಿ.

ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಂಥ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್‌ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಬಗ್‌ಜಿಲ್ಲಾ ಎಂಬ ಬಗ್ ದಾಖಲಿಸುವ ತಾಣದಲ್ಲಿ ಬರೆದದ್ದನ್ನು ಇಂಜಿನಿಯರ್‌ಗಳೂ ನೇರವಾಗಿ ನೋಡಬಹುದು.

ಬೇರೆಯವರ ಬಿಲ್ ನಿಮಗೆ ಕಾಣುತ್ತಿದ್ದರೆ ಮಾತ್ರ ದಾರಿ ಬೇರೆ. ಅದು ಸೆಕ್ಯುರಿಟಿ ವಿಷಯ. ಕಂಪನಿಯ ಸೆಕ್ಯುರಿಟಿ ಇಮೇಲ್‌ಗೆ ಬರೆಯಿರಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಿ. ಬೇರೆ ದಾರಿ ಹಿಡಿದರೆ ಏನಾಗಬಹುದು ನೋಡಿ. 2013ರಲ್ಲಿ ಪ್ಯಾಲೆಸ್ಟೀನಿನ ಖಲೀಲ್ ಶ್ರೆಯಾತೆ, ಯಾರ ಫೇಸ್‌ಬುಕ್ ಗೋಡೆ ಮೇಲೂ ಬರೆಯಬಹುದಾದ ಬಗ್ ಕಂಡುಹಿಡಿದರು. ಸೆಕ್ಯುರಿಟಿ ತಂಡ ಇದು ಬಗ್ ಅಲ್ಲ ಎಂದಿತು. ಅವರು ಜುಕರ್‌ಬರ್ಗ್ ಗೋಡೆ ಮೇಲೇ ಬರೆದು ತೋರಿಸಿದರು. ಬಗ್ ಸರಿಯಾಯಿತು, ಬಹುಮಾನ ಸಿಗಲಿಲ್ಲ. ಬೇರೆಯವರ ಖಾತೆಯಲ್ಲಿ ಪ್ರಯೋಗ ಮಾಡಿದ್ದು ನಿಯಮಕ್ಕೆ ವಿರುದ್ಧ ಎಂದು ಫೇಸ್‌ಬುಕ್‌ನವರು ಹೇಳಿದರು. ಮೊದಲ ವರದಿಯಲ್ಲಿ ವಿವರ ಸಾಲದು ಎಂದೂ ಹೇಳಿದರು. ತಂಡವೂ ಆತುರಪಟ್ಟಿತ್ತು, ಅದನ್ನು ಕಂಪನಿ ಒಪ್ಪಿಕೊಂಡಿತು. ನನಗೆ ಖಲೀಲ್ ಬಗ್ಗೆ ಈಗಲೂ ಮರುಕ ಇದೆ.

ಲಿಂಕ್ಡ್‌ಇನ್‌ನಲ್ಲಿ ಇಷ್ಟು ಸಾಕು: 'ನಮಸ್ಕಾರ. ಪಿಡಿಎಫ್‌ನಲ್ಲಿ ಕನ್ನಡ ಒತ್ತಕ್ಷರ ಒಡೆಯುತ್ತಿದೆ. ಟಿಕೆಟ್ ನಂಬರ್ ಇದು. ಸರಿಯಾದ ಟೀಮ್‌ಗೆ ತಲುಪಿಸಲು ಆಗುತ್ತದಾ?' ಅದು ಅವರ ವಿಭಾಗವೇ ಅಲ್ಲದಿರಬಹುದು. ಹಾಗಾಗಿ ಒಂದೇ ಸಲ ಕಳಿಸಿ. ಆಮೇಲೆ ಕೇಳುವುದೆಲ್ಲ ಟಿಕೆಟ್‌ನಲ್ಲೇ ಕೇಳಿ.