ವಿಜ್ಞಾನಿಗಳಿಗೆ ಅದರಲ್ಲಿ ಅಂಥ ಖುಷಿ ಏನಿದೆ?

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಮಗಳು ಸೆಕೆಂಡ್ ಪಿಯುಸಿ. ಇಂಜಿನಿಯರಿಂಗ್ ಬೇಡ, ಬಿಎಸ್ಸಿ ಮಾಡಿ ವಿಜ್ಞಾನಿ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ವರ್ಷಗಟ್ಟಲೆ ಓದಬೇಕು, ಸಂಬಳವೂ ಬೇಗ ಕೈಗೆ ಬರಲ್ಲ ಅಂತಾರೆ. ಆ ಕೆಲಸದಲ್ಲಿ ಇರುವವರಿಗೆ ನಿಜವಾಗಿ ಖುಷಿ ಕೊಡೋದು ಏನು ಸಾರ್?
– ಒಬ್ಬ ತಂದೆ, ಮೂಡಿಗೆರೆ

ಉತ್ತರ (ನಿವೃತ್ತ ಸಸ್ಯರೋಗ ತಜ್ಞರಿಂದ):

ಓದು ಉದ್ದ ಅನ್ನೋದು ನಿಜ. ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ ಎಲ್ಲ ಸೇರಿ ಹತ್ತು ವರ್ಷ ಅಂತ ಇಟ್ಟುಕೊಳ್ಳಿ. ಇನ್ನು ಖುಷಿ. ಪ್ರಶಸ್ತಿ, ಪೇಪರ್‌ನಲ್ಲಿ ಫೋಟೊ ಎಲ್ಲ ಒಂದು ದಿನದ ಮಾತು. ನನ್ನನ್ನು ಹಿಡಿದಿಟ್ಟಿದ್ದು ಬೇರೆ. ದಿನಾ ಕಾಣುವ ವಸ್ತುವೇ ಒಂದು ದಿನ ಇದ್ದಕ್ಕಿದ್ದಂತೆ ಹೊಸದಾಗಿ ಕಾಣುತ್ತದಲ್ಲ, ಅದು.

ನಿಮ್ಮ ತೋಟದ್ದೇ ಹೇಳ್ತೀನಿ. ಮಳೆಗಾಲ ಮುಗಿಯುವ ಹೊತ್ತಿಗೆ ಅರೇಬಿಕಾ ಎಲೆ ತಿರುಗಿಸಿದರೆ ಕಿತ್ತಳೆ ಬಣ್ಣದ ಪುಡಿ ಕೈಗೆ ಅಂಟುತ್ತದೆ. ಎಲೆ ತುಕ್ಕು ಅನ್ನೋ ಶಿಲೀಂಧ್ರ ರೋಗ ಅದು. ನಾನೂ ತೋಟದ ಮನೆಯಲ್ಲೇ ಬೆಳೆದವನು, ಚಿಕ್ಕಂದಿನಿಂದ ಅದನ್ನು ಚಡ್ಡಿಗೆ ಒರೆಸಿಕೊಂಡವನು. ಎಂಎಸ್ಸಿ ಓದುವಾಗ ಅದೇ ಪುಡಿಯನ್ನು ಒಂದು ಹನಿ ನೀರಿನಲ್ಲಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್‌ಗೆ ಕಣ್ಣಿಟ್ಟೆ. ಪುಡಿ ಎಲ್ಲಿದೆ? ಎಲ್ಲಾ ಕಿತ್ತಳೆ ತೊಳೆಗಳು! ಉಬ್ಬಿದ ಬೆನ್ನಿನ ತುಂಬ ಮುಳ್ಳು, ಇನ್ನೊಂದು ಮಗ್ಗುಲು ನುಣ್ಣಗೆ. ಈ ಶಿಲೀಂಧ್ರದ ಹೆಸರು ಹೆಮಿಲಿಯಾ. ಗ್ರೀಕ್‌ನಲ್ಲಿ ‘ಅರ್ಧ ನುಣುಪು’ ಅಂತ ಅರ್ಥ. 1869ರಲ್ಲಿ, ಸಿಲೋನ್‌ನಿಂದ ಬಂದ ಎಲೆ ನೋಡಿ ಹೆಸರಿಟ್ಟವರ ಕಣ್ಣಿಗೆ ಬಿದ್ದಿದ್ದೂ ಇದೇ. ಆವತ್ತು ಹಾಸ್ಟೆಲ್‌ನಲ್ಲಿ ನನ್ನ ಊಟ ತಪ್ಪಿತು. ಹಸಿವೂ ಆಗಿರಲಿಲ್ಲ ಬಿಡಿ.

ನಮ್ಮ ಲೆಕ್ಕ ತಪ್ಪು ಅಂತ ಗೊತ್ತಾಗೋದರಲ್ಲೂ ಒಂದು ಮಜಾ ಇದೆ. ಹುಳ ನನ್ನ ವಿಷಯವಲ್ಲ. ಸುಮ್ನೆ ಗೆಳೆಯನ ಜೊತೆ ಕಾಂಡಕೊರಕ ನೋಡಲು ಒಂದು ತೋಟಕ್ಕೆ ಹೋಗಿದ್ದೆ. ನಾನು ಹಳದಿ ಎಲೆ ಹುಡುಕುತ್ತಾ ಓಡಾಡುತ್ತಿದ್ದೆ. ಕೆಲಸದ ಅಜ್ಜಿಯೊಬ್ಬರು ಹಸಿರಾಗಿದ್ದ ಗಿಡದ ಕಾಂಡ ಸವರಿ, ‘ಇದ್ರಲ್ಲಿ ಹುಳ ಐತೆ ಸಾರ್’ ಅಂದರು. ನಾನು ನಕ್ಕೆ. ಸೀಳಿದರೆ ಒಳಗೆ ಬಿಳಿ ಹುಳ, ಅದರ ಹಿಂದೆ ಗಟ್ಟಿಯಾಗಿ ಒತ್ತಿ ತುಂಬಿದ ಮರದ ಪುಡಿ. ಹುಳ ಪುಡಿಯನ್ನು ಹೊರಗೆ ಹಾಕದೆ ಕೊರೆದ ದಾರಿಯಲ್ಲೇ ತುಂಬುತ್ತಾ ಹೋಗುತ್ತದೆ. ಹಾಗಾಗಿ ಹೊರಗೆ ಸುಳಿವು ಕಮ್ಮಿ. ಆದರೆ ತೊಗಟೆ ಅಲ್ಲಲ್ಲಿ ಏಣಾಗಿ ಏಳುತ್ತದೆ. ಅಜ್ಜಿಯ ಬೆರಳಿಗೆ ಸಿಕ್ಕಿದ್ದು ಆ ಏಣು. ಆಮೇಲಿನ ಒಂದು ವಾರ ನಾನು ಸಿಕ್ಕಿದ ಗಿಡವನ್ನೆಲ್ಲ ಸವರುತ್ತಿದ್ದೆ.

ಎಲ್ಲರಿಗೂ ಇದೇ ಖುಷಿ ಅಂತಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಕೂತು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಕಾಯುವವರಿಗೆ, ಏನೂ ಎಡವಟ್ಟಾಗದೆ ಬೆಳಗಾದರೆ ಅದೇ ಹಬ್ಬ ಇರಬಹುದು.

ಬೇಜಾರಿನ ದಿನಗಳೇ ಜಾಸ್ತಿ, ಅದನ್ನೂ ಮಗಳಿಗೆ ಹೇಳಿ. ಒಂದು ವರ್ಷ ನಾನು ಔಷಧಿ ಹೊಡೆಸಿ ಲೆಕ್ಕ ಬರೆದಿಟ್ಟ ಪ್ರಯೋಗ, ಒಂದೇ ರಾತ್ರಿ ಮಳೆಗೆ ತೊಳೆದುಹೋಯಿತು. ಕಾಫಿ ತಳಿ ಮಾಡುವವರ ತಾಳ್ಮೆಯಂತೂ ನನಗಿಲ್ಲ. ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ನಿಮ್ಮ ತೋಟದಲ್ಲೂ ಇರಬಹುದಾದ ಎಸ್.795 ತಳಿ ಬೆಳೆಗಾರರ ಕೈಗೆ ಬಂದಿದ್ದು 1940ರ ದಶಕದಲ್ಲಿ. ಗಿಡ ನೆಟ್ಟು ಮೂರು ನಾಲ್ಕು ವರ್ಷಕ್ಕೆ ಕಾಯಿ. ಅದರ ಬೀಜ ಹಾಕಿ, ಮತ್ತೆ ಅಷ್ಟೇ ವರ್ಷ ಕಾಯಬೇಕು.

ಮಗಳಿಗೆ ಈಗಲೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್ ಕೊಡಿಸಿ, ತೋಟಕ್ಕೆ ಬಿಡಿ. ತುಕ್ಕಿನ ಪುಡಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಮುಳ್ಳು ಕಾಣಲ್ಲ, ಅದಕ್ಕೆ ಕಾಲೇಜಿನ ಮೈಕ್ರೋಸ್ಕೋಪೇ ಬೇಕು. ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಲಿ, ಯೂನಿಫಾರ್ಮ್ ಕಲೆಯಾದರೆ ಅಮ್ಮನ ಕೈಲಿ ಬೈಸಿಕೊಳ್ಳೋದು ಅವಳೇ ಅಲ್ವಾ.