ಅಮ್ಮನ ಹಳೆ ಸೀರೆ, ಮಧ್ಯಾಹ್ನದ ಒಂದು ಗಂಟೆ

ಈ ಸಲ ಬಂದ ಪತ್ರಗಳಲ್ಲಿ ಹಳೆ ಬಟ್ಟೆಯ ವಿಷಯವೇ ಜಾಸ್ತಿ. ಬರೆದವರೆಲ್ಲ ಹೆಚ್ಚುಕಡಿಮೆ ಚಿಕ್ಕ ಮಕ್ಕಳ ತಾಯಂದಿರು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕ, ನನಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಮಧ್ಯಾಹ್ನ ಇಬ್ಬರೂ ಮಲಗಿದಾಗ ಒಂದು ಗಂಟೆ ಸಿಗುತ್ತದೆ, ಅದೂ ಫೋನ್ ನೋಡುತ್ತಲೇ ಹೋಗುತ್ತದೆ, ಆಮೇಲೆ ಬೇಜಾರು. ಕೈಯಲ್ಲಿ ಏನಾದರೂ ಮಾಡಬೇಕು ಅಂತ ಸಂಡೇ ಬಜಾರಿನಿಂದ ಎರಡು ಹಳೆ ಕಾಟನ್ ಶರ್ಟ್ ತಂದೆ, ಮಗಳಿಗೆ ಫ್ರಾಕ್ ಮಾಡೋಣ ಅಂತ. ಅತ್ತೆ "ಯಾರು ಹಾಕಿದ್ದೋ ಏನೋ, ಅವರು ಇದ್ದಾರೋ ಹೋಗಿದ್ದಾರೋ, ಅದನ್ನ ಮಗುಗೆ ಹಾಕ್ತೀಯಾ?" ಅಂದರು. ಶರ್ಟುಗಳು ಬಾಲ್ಕನಿಯಲ್ಲೇ ಬಿದ್ದಿವೆ. ಮನೆಯಲ್ಲಿ ಮಿಷನ್ ಇಲ್ಲ, ನನಗೆ ಹೊಲಿಗೆಯೂ ಬರಲ್ಲ. ಎಲ್ಲಿಂದ ಶುರು ಮಾಡಲಿ?
– ಎಸ್., ವಿಜಯನಗರ

ಉತ್ತರ: ಮೊದಲು ಅತ್ತೆಯವರ ಮಾತು. ಅದನ್ನು ಹಳೆ ಕಾಲದ್ದು ಅಂತ ತಳ್ಳಿಹಾಕಬೇಡಿ. ತೀರಿಕೊಂಡವರ ಬಟ್ಟೆ ಮಗುವಿಗೆ ಬೇಡ ಅನ್ನುವುದು ನಮ್ಮ ಎಷ್ಟೋ ಮನೆಗಳಲ್ಲಿದೆ, ಮಗುವಿನ ಮೇಲಿನ ಅಕ್ಕರೆಯಿಂದಲೇ ಬಂದ ಮಾತು ಅದು. ಆದರೆ ಅದೇ ಮನೆಗಳಲ್ಲಿ ಹುಟ್ಟಿದ ಮಗುವನ್ನು ಮೊದಲು ಸುತ್ತುವುದು ಹಳೆ ಪಂಚೆಯಲ್ಲಿ, ಹಳೆ ಕಾಟನ್ ಸೀರೆಯಲ್ಲಿ ಅಲ್ವಾ? ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆಯಷ್ಟು ಹಿತ ಯಾವ ಹೊಸ ಬಟ್ಟೆಯಲ್ಲೂ ಇಲ್ಲ ಅಂತ ಅವರಿಗೂ ಗೊತ್ತು. ಹಾಗಾಗಿ ಶರ್ಟುಗಳನ್ನು ಸದ್ಯಕ್ಕೆ ಒಗೆದು ಎತ್ತಿಡಿ. ಅತ್ತೆಯವರ ಹತ್ತಿರವೇ ಹೋಗಿ, ನಿಮ್ಮದೊಂದು ಹಳೆ ಕಾಟನ್ ಸೀರೆ ಕೊಡಿ, ಮಕ್ಕಳಿಗೆ ಕೌದಿ ಹೊಲಿಯುತ್ತೇನೆ ಅಂತ ಕೇಳಿ. ನಿಮ್ಮ ಅಮ್ಮನದೂ ಒಂದು ತರಿಸಿಕೊಳ್ಳಿ.

ಕೌದಿ ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಅದೇ ಯಾಕೆ ಅಂದರೆ, ಅದಕ್ಕೆ ಮಿಷನ್ ಬೇಡ, ಅಳತೆಯ ತಲೆನೋವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ಸಲ ಬೇಕಾದರೂ ಅರ್ಧಕ್ಕೆ ಬಿಡಬಹುದು. ಫ್ರಾಕ್ ಕತ್ತರಿಸಿ ಹರಡಿಕೊಂಡು ಕೂತಾಗ ಮಗು ಎದ್ದರೆ ಎಲ್ಲಾ ಕಲಸಿಹೋಗುತ್ತದೆ, ಮತ್ತೆ ಕೂತಾಗ ಯಾವ ತುಂಡು ಯಾವುದಕ್ಕೆ ಅಂತಲೇ ನೆನಪಿರುವುದಿಲ್ಲ. ಕೌದಿಯಲ್ಲಿ ಹಾಗಿಲ್ಲ. ಸೂಜಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ, ಅಷ್ಟೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲ, ಅಡುಗೆ, ಮಕ್ಕಳು ಎಲ್ಲದರ ನಡುವೆ ಹೆಂಗಸರು ಕೌದಿ ಹೊಲಿದಿದ್ದು ಹೀಗೇ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿಯಂತೂ ನೋಡಲೇಬೇಕು. ಅವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿ ಸಣ್ಣ ಹೂವು ಕೂರಿಸುತ್ತಾರೆ.

ಲೆಕ್ಕ ಸುಲಭ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ. ಒಂದೂಕಾಲು ಮೀಟರಿನಂತೆ ನಾಲ್ಕು ತುಂಡು ಮಾಡಿ. ಸೀರೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ತುಂಡುಗಳು ಚೌಕಾಕಾರವಾಗಿ ಬರುತ್ತವೆ. ನಾಲ್ಕನ್ನೂ ಒಂದರ ಮೇಲೊಂದು ಹಾಸಿದರೆ ಮಗುವಿನ ಕೌದಿಗೆ ಬೇಕಾದ ದಪ್ಪ ಬರುತ್ತದೆ, ಇನ್ನೂ ಅರ್ಧ ಮೀಟರ್ ಉಳಿಯುತ್ತದೆ. ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡಿ. ನಾಲ್ಕೂ ಅಂಚನ್ನು ಒಳಕ್ಕೆ ಮಡಚಿ ಹೊಲಿಯಿರಿ. ಆಮೇಲೆ ಅಂಚಿನಿಂದ ಒಳಕ್ಕೆ ಸಾದಾ ರನ್ನಿಂಗ್ ಸ್ಟಿಚ್ (ಸೂಜಿ ಮೇಲೆ ಕೆಳಗೆ ಹೋಗುತ್ತಾ ಮುಂದೆ ಸಾಗುವ ಹೊಲಿಗೆ), ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳಿನಷ್ಟು ಜಾಗ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ. ಉಳಿದ ಅರ್ಧ ಮೀಟರಿನಲ್ಲಿ, ನಿಮ್ಮಮ್ಮನ ಸೀರೆಯ ಸೆರಗಿನಲ್ಲಿ, ಮೇಲೆ ಹಚ್ಚುವ ತೇಪೆಗಳನ್ನು ಕತ್ತರಿಸಿಕೊಳ್ಳಿ. ಯಾವ ಬಣ್ಣದ ಪಕ್ಕ ಯಾವುದು ಅನ್ನುವುದನ್ನು ಮಗಳನ್ನೇ ಕೇಳಿ, ನಾಲ್ಕು ವರ್ಷದವರು ಇದನ್ನು ನಮಗಿಂತ ಧೈರ್ಯವಾಗಿ ಮಾಡುತ್ತಾರೆ.

ಒಂದು ಎಚ್ಚರ ಮಾತ್ರ ತಪ್ಪಬೇಡಿ. ಕೂರುವಾಗ ಸೂಜಿ, ಗುಂಡುಪಿನ್ನು ಎಷ್ಟಿವೆ ಅಂತ ಎಣಿಸಿ, ಏಳುವಾಗ ಮತ್ತೆ ಎಣಿಸಿ. ಒಂದೂವರೆ ವರ್ಷದ ಮಗು ನೆಲದಲ್ಲಿ ಏನು ಸಿಕ್ಕರೂ ಬಾಯಿಗೆ ಹಾಕುತ್ತದೆ. ಡಬ್ಬಿ ಬೀರುವಿನ ಮೇಲೆಯೇ ಇರಲಿ.

ಕೌದಿ ಮುಗಿಯುವ ಹೊತ್ತಿಗೆ ನಿಮ್ಮ ಕೈ ಪಳಗಿರುತ್ತದೆ. ಆಗ ಶರ್ಟುಗಳನ್ನು ಇಳಿಸಿ. ಗಂಡಸರ ಶರ್ಟಿನಲ್ಲಿ ನಾಲ್ಕು ವರ್ಷದ ಮಗುವಿನ ಫ್ರಾಕ್ ಆರಾಮಾಗಿ ಆಗುತ್ತದೆ. ನನ್ನ ಮಗಳಿಗೆ ಅವಳಪ್ಪನ ನೀಲಿ ಗೆರೆ ಶರ್ಟಿನಲ್ಲಿ ಮಾಡಿದ್ದೆ. ಕಾಲರ್ ಸವೆದು ನೂಲು ಬಿಟ್ಟಿತ್ತು, ಮೈಭಾಗ ಮಾತ್ರ ಗಟ್ಟಿ. ಕಾಲರ್, ತೋಳು ಎರಡನ್ನೂ ಬ್ಲೇಡಿನಿಂದ ನಿಧಾನಕ್ಕೆ ಬಿಚ್ಚಿ, ಗುಂಡಿಪಟ್ಟಿಯನ್ನು ಬೆನ್ನಿಗೆ ಬರುವಂತೆ ತಿರುಗಿಸಿದೆ. ಅಲ್ಲಿಗೆ ಕಾಜಾ, ಗುಂಡಿ ಎಲ್ಲಾ ತಯಾರಾಗೇ ಸಿಕ್ಕಿತು. ಕೆಳಗಿನ ಮಡಿಕೆ ಹೇಗಿತ್ತೋ ಹಾಗೇ ಬಿಟ್ಟೆ. ತೋಳಿನ ಬಟ್ಟೆಯಲ್ಲಿ ಎರಡು ಪಟ್ಟಿ ಕತ್ತರಿಸಿ ಭುಜಕ್ಕೆ ಕಟ್ಟುವ ದಾರ ಮಾಡಿದೆ. ಎದೆಯ ಜೇಬು ಬೆನ್ನಿಗೆ ಹೋಯಿತಲ್ಲ, ಅದನ್ನು ಬಿಚ್ಚಿ ಮುಂದೆ ಹೊಟ್ಟೆಯ ಹತ್ತಿರ ಹಚ್ಚಿದೆ. ಜೇಬು ಇದ್ದ ಜಾಗದಲ್ಲಿ ನೀಲಿ ಸ್ವಲ್ಪ ಗಾಢವಾಗಿ ಉಳಿದಿತ್ತು, ಬಿಸಿಲು ಕಾಣದ ಬಣ್ಣ ಅದು. ಅವಳು ಆ ಜೇಬಿನಲ್ಲಿ ಕಡಲೆಬೀಜ ತುಂಬಿಕೊಂಡು ಓಡಾಡುತ್ತಿದ್ದಳು.

ಪ್ರಶ್ನೆ: ಹೊರಗಡೆ ಹಳೆ ಬಟ್ಟೆ ತೆಗೆದುಕೊಳ್ಳುವಾಗ ಏನು ನೋಡಬೇಕು? ಎರಡು ಸಲ ಮೋಸ ಹೋದೆ, ಕಾಟನ್ ಅಂತ ತಂದಿದ್ದು ಪಾಲಿಯೆಸ್ಟರ್ ಆಗಿತ್ತು.
– ಆರ್., ಯಲಹಂಕ

ಉತ್ತರ: ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಸವೆದ ಜಾಗ ಜರಡಿ ಹಾಗೆ ಕಾಣುತ್ತದೆ. ಮೊದಲು ಕಂಕುಳು, ಆಮೇಲೆ ಕಾಲರ್, ಪ್ಯಾಂಟಾದರೆ ತೊಡೆ ಸಂದು. ಕಂಕುಳಲ್ಲಿ ಹಳದಿ ಗಟ್ಟಿಯಾಗಿದ್ದರೆ ಬಿಟ್ಟುಬಿಡಿ, ಅದು ಹೋಗುವುದು ಕಷ್ಟ. ಜಿಪ್ಪನ್ನು ಎರಡು ಸಲ ಎಳೆದು ನೋಡಿ. ಸ್ಟೈಲು, ಸೈಜು ನೋಡಬೇಡಿ, ಹೇಗೂ ಬಿಚ್ಚಿ ಹೊಲಿಯುತ್ತೀರಿ. ಬಟ್ಟೆ ಚೆನ್ನಾಗಿದೆಯಾ, ಸಾಕಷ್ಟಿದೆಯಾ, ಅಷ್ಟೇ. ಅದಕ್ಕೇ ನಾನು ದೊಡ್ಡ ಸೈಜಿನದನ್ನೇ ಹುಡುಕುತ್ತೇನೆ.

ಮನೆಗೆ ತಂದ ಮೇಲೆ ಒಳಹೊಲಿಗೆಯ ಹತ್ತಿರದಿಂದ ಒಂದು ಎಳೆ ತೆಗೆದು, ಸಿಂಕಿನ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ತಣ್ಣಗಾದ ಮೇಲೆ ಉಗುರಿನಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ಮಕ್ಕಳನ್ನು ದೂರ ಇಟ್ಟು ಮಾಡಿ. ಪಾಲಿಯೆಸ್ಟರ್ ಬಂದರೂ ಎಸೆಯಬೇಡಿ, ಸಂತೆ ಚೀಲಕ್ಕೆ ಅದೇ ಒಳ್ಳೆಯದು. ಕಾಟನ್ನನ್ನು ಕತ್ತರಿಸುವ ಮೊದಲು ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಸಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ.

ಪ್ರಶ್ನೆ: ನನ್ನ ಅಜ್ಜಿಯ ರೇಷ್ಮೆ ಸೀರೆ ಮಡಿಕೆಗಳಲ್ಲಿ ಸೀಳುತ್ತಿದೆ. ಮಗಳಿಗೆ ಲಂಗ ಹೊಲಿಸೋಣ ಅಂದರೆ ಟೈಲರ್ ಆಗಲ್ಲ ಅಂದರು. ಹಳೆ ಬಟ್ಟೆಗೆ ಪಾತ್ರೆ ಕೊಡುವ ಪಾತ್ರೆಯವಳು ಇದಕ್ಕೆ ಒಂದು ಸ್ಟೀಲ್ ಡಬ್ಬ ಕೊಡ್ತೀನಿ ಅಂತಿದ್ದಾಳೆ.
– ವಿ., ಬಸವನಗುಡಿ

ಉತ್ತರ: ಕೊಡಬೇಡಿ! ಪಾತ್ರೆಯವರ ಮೇಲೆ ನನಗೆ ತುಂಬಾ ಗೌರವ ಇದೆ, ನಮ್ಮ ಬೀದಿಗಳಲ್ಲಿ ಹಳೆ ಬಟ್ಟೆ ಇನ್ನೊಬ್ಬರ ಮೈ ಸೇರಲು ಎಷ್ಟೋ ಕಾಲದಿಂದ ಬಿಸಿಲಲ್ಲಿ ನಡೆದವರು ಅವರು. ಆದರೆ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಡಬ್ಬದ ಲೆಕ್ಕಕ್ಕೆ ಅದು ಹೋಗಬಾರದು.

ಟೈಲರ್ ಹೇಳಿದ್ದು ಸರಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ, ಅಂಥ ಒಡಲು ಮಿಷನ್ ಹೊಲಿಗೆ ತಡೆಯುವುದಿಲ್ಲ, ಮಗು ಕೂತರೆ ಎದ್ದರೆ ಹರಿಯುತ್ತದೆ. ಆದರೆ ಅಂಚು, ಸೆರಗು ಸಾಮಾನ್ಯವಾಗಿ ಗಟ್ಟಿ ಇರುತ್ತವೆ. ಅವನ್ನು ಬೇರೆ ಮಾಡಿ, ಹೊಸ ಕಾಟನ್ ಸಿಲ್ಕಿನ ಲಂಗಕ್ಕೆ ಕೆಳಗೆ ಅಂಚಾಗಿ ಹಚ್ಚಿಸಿ. ಬಟ್ಟೆ, ಲೈನಿಂಗ್ ಎಲ್ಲಾ ಚಿಕ್ಕಪೇಟೆಯಲ್ಲೇ ಸಿಗುತ್ತದೆ, ಮೆಟ್ರೋ ಸ್ಟೇಷನ್ ಇರುವುದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವುದೂ ಕಷ್ಟವಿಲ್ಲ. ಸೀಳದ ಒಡಲಿನ ತುಂಡುಗಳಿಗೆ ಹಿಂದೆ ತೆಳು ಕಾಟನ್ನಿನ ಮಲ್ಲು ಬಟ್ಟೆ ಕೊಟ್ಟು ಅರಿಶಿನ ಕುಂಕುಮಕ್ಕೆ ತಾಂಬೂಲದ ಚೀಲ ಮಾಡಬಹುದು. ಸೀರೆಯಲ್ಲಿ ಅಜ್ಜಿ ಇರುವ ಫೋಟೋ ಇದ್ದರೆ ಕತ್ತರಿಸುವ ಮೊದಲು ಮಗಳಿಗೆ ತೋರಿಸಿ. ಯಾರ ಸೀರೆ ಅಂತ ಅವಳಿಗೆ ಗೊತ್ತಿರಲಿ.

ಪ್ರಶ್ನೆ: ಟ್ರಂಕಿನ ಬಟ್ಟೆಗೆ ನುಸಿಗುಳಿಗೆ ವಾಸನೆ. ಮೂರು ತಿಂಗಳ ಪಾಪುವಿಗೆ ಬಳಸಬಹುದಾ?
– ಕೆ., ಜೆ.ಪಿ. ನಗರ

ಉತ್ತರ: ವಾಸನೆ ಇರುವವರೆಗೂ ಬೇಡವೇ ಬೇಡ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೂಸುಗಳಿಗೆ ವಿಷ, ಕೆಲವು ಮಕ್ಕಳಲ್ಲಿ ರಕ್ತಕಣಗಳೇ ಒಡೆಯುತ್ತವೆ. ಗಾಳಿಗೆ ಹಲವು ದಿನ ಹರವಿ, ಎರಡು ಮೂರು ಸಲ ಒಗೆಯಿರಿ. ಆಮೇಲೂ ವಾಸನೆ ಬಂದರೆ ದೊಡ್ಡವರ ಬಳಕೆಗೆ ಇಡಿ. ಮುಂದಕ್ಕೆ ಟ್ರಂಕಿಗೆ ಒಣ ಬೇವಿನ ಸೊಪ್ಪು, ಬಟ್ಟೆಯಲ್ಲಿ ಕಟ್ಟಿದ ಲವಂಗ ಹಾಕಿ.

ಪ್ರಶ್ನೆ: ನಾನು ಮಾಡಿದ ಚೀಲಗಳನ್ನು ನೋಡಿ ಎಲ್ಲರೂ "ಮಾರು, ದುಡ್ಡಾಗುತ್ತೆ" ಅಂತಾರೆ. ನನಗೆ ಮನಸ್ಸಿಲ್ಲ. ತಪ್ಪಾ?
– ಎಂ., ಮಲ್ಲೇಶ್ವರ

ಉತ್ತರ: ಖಂಡಿತ ತಪ್ಪಲ್ಲ. ಮಾರುವುದಕ್ಕೆ ಅಂತ ಕೂತರೆ ಇಪ್ಪತ್ತು ಚೀಲ ಒಂದೇ ಥರ ಬರಬೇಕು, ದಿನ ಗೊತ್ತು ಮಾಡಬೇಕು, ಮಗುವಿಗೆ ಜ್ವರ ಬಂದ ವಾರವೂ ಹೊಲಿಯಬೇಕು. ಬೇಕಾದವರು ಮಾಡಲಿ, ಒಳ್ಳೆಯ ಕೆಲಸವೇ. ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಮನೆಯ ಕೆಲಸವೆಲ್ಲ ಬೇರೆಯವರಿಗೋಸ್ಕರ ಮಾಡುವ ದಿನದಲ್ಲಿ ಇದೊಂದನ್ನು ನಿಮಗೋಸ್ಕರ ಇಟ್ಟುಕೊಳ್ಳಿ. ಮುಂದಿನ ಸಲ ಬರೆಯುವಾಗ ಒಂದು ಚೀಲದ ಫೋಟೋ ಕಳಿಸಿ, ಹಿಡಿಕೆಯನ್ನು ಹೇಗೆ ಕೂರಿಸಿದ್ದೀರಿ ಅಂತ ನೋಡಬೇಕು.